ಮಗಳಿಗೆ ಬ್ಯಾಲೆ ಕಂಪನಿಯ ಶಾಲೆಯಿಂದ ಕರೆ ಬಂದಿದೆ, ಕಳಿಸಬೇಕಾ?

ನೀರ್ಚಾಲಿನ ಅಮ್ಮ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ವಾರ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಈಗ 16. ಆರನೇ ವಯಸ್ಸಿಗೆ ಭರತನಾಟ್ಯಕ್ಕೆ ಸೇರಿಸಿದ್ದೆವು. ಹನ್ನೊಂದರಲ್ಲಿ ಯೂಟ್ಯೂಬಿನಲ್ಲಿ ಬ್ಯಾಲೆ ನೋಡಿದಳು. ಅಂದು ಹಿಡಿದ ಹಠ ಇನ್ನೂ ಬಿಟ್ಟಿಲ್ಲ. ಐದು ವರ್ಷದಿಂದ ಪ್ರತಿ ಶನಿವಾರ, ಭಾನುವಾರ ಬೆಳಿಗ್ಗೆ ಕುಂಬಳೆಗೆ ಬಸ್ಸು, ಅಲ್ಲಿಂದ ಮಂಗಳೂರಿಗೆ ರೈಲು. ಉಳಿದ ದಿನ ಮನೆಯ ಮಾಳಿಗೆಯಲ್ಲಿ ಕಿಟಕಿಯ ಸರಳು ಹಿಡಿದು ಅಭ್ಯಾಸ ಮಾಡುತ್ತಾಳೆ.

ಅಮೆರಿಕದಲ್ಲಿ ಒಂದು ಬ್ಯಾಲೆ ಕಂಪನಿಗೆ (ಅಂದರೆ ನೃತ್ಯ ತಂಡಕ್ಕೆ) ಸೇರಿದ ಶಾಲೆಗೆ ವಿಡಿಯೋ ಕಳಿಸಿದ್ದಳು. ಸಿಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಈಗ ಕರೆ ಬಂದಿದೆ. ಎರಡು ವರ್ಷದ ಪ್ರೀ-ಪ್ರೊಫೆಷನಲ್ ಕೋರ್ಸ್. ಅರ್ಧ ಫೀಸು ಅವರೇ ಬಿಡುತ್ತಾರಂತೆ. ಉಳಿದರ್ಧ, ಊಟ, ವಸತಿ, ಟಿಕೆಟ್ ಎಲ್ಲ ನಮ್ಮದು. ಲೆಕ್ಕ ಹಾಕಿದರೆ ಅಡಿಕೆ ತೋಟದ ಎರಡು ವರ್ಷದ ಆದಾಯ ಪೂರ್ತಿ ಹೋಗಿ, ಮೇಲೆ ಸಾಲವೂ ಬೇಕು. ಉತ್ತರ ಕೊಡಲು ಮೂರು ವಾರ ಸಮಯ ಉಂಟು.

ಪತ್ರದಲ್ಲಿ ‘ಕಂಪನಿಯ ಜೊತೆ ವೇದಿಕೆ ಏರುವ ಅವಕಾಶ’ ಅಂತ ಬರೆದಿದ್ದಾರೆ. ಹಾಗೆಂದರೆ ಏನು? ಕಲಿತ ಮೇಲೆ ಕಂಪನಿಯಲ್ಲಿ ಕೆಲಸ ಕೊಡುತ್ತಾರಾ? ಪ್ಲಸ್ ಒನ್ (ಹನ್ನೊಂದನೇ ಕ್ಲಾಸು) ಬಿಡಿಸಬೇಕಾ? ನಮ್ಮ ಕಡೆ ಇದನ್ನು ಕೇಳಲು ಯಾರೂ ಇಲ್ಲ. ಮನೆಯಲ್ಲಿ ಮಾತು ಬಂದಾಗಲೆಲ್ಲ ಯಾರಾದರೂ ಊಟ ಬಿಟ್ಟು ಏಳುತ್ತಾರೆ.

ಪೆರ್ಲದವ
ಸೋಮವಾರ, ರಾತ್ರಿ 10:15

ಮಗಳಿಗೆ ಮೊದಲು ಅಭಿನಂದನೆ. ಆದರೆ ಓದು ಮಾತ್ರ ಬಿಡಿಸಬೇಡಿ. ಕೇರಳದ ಮುಕ್ತ ಶಾಲೆ ಸ್ಕೋಲ್ ಕೇರಳದಲ್ಲಿ ಪ್ಲಸ್ ಟು ಓಪನ್ ಆಗಿ ಮಾಡಬಹುದು. ಕೇಂದ್ರ ಸರಕಾರದ ಮುಕ್ತ ಶಾಲೆ ಎನ್‌ಐಒಎಸ್ ಕೂಡ ಉಂಟು. ಪರೀಕ್ಷೆಗೆ ಊರಿಗೆ ಬರಬೇಕಾಗುತ್ತದಾ ಅಂತ ಸೇರುವ ಮೊದಲೇ ಕೇಳಿಕೊಳ್ಳಿ. ನನ್ನ ತಂಗಿ ಹಾಗೆ ಮುಗಿಸಿದ್ದಾಳೆ.

ಚೌಕಿಯ ದೀಪ
ಸೋಮವಾರ, ರಾತ್ರಿ 11:52

ಬ್ಯಾಲೆಯ ಬಗ್ಗೆ ನನಗೆ ಗೊತ್ತಿರೋದು ಕಡಿಮೆ. ಆದರೆ ನಿಮ್ಮ ಪತ್ರ ಓದಿ ನನ್ನದೇ ಕತೆ ನೆನಪಾಯಿತು. ನಾನು ಯಕ್ಷಗಾನ ಮೇಳದಲ್ಲಿ ಹದಿನಾಲ್ಕು ತಿರುಗಾಟ, ಅಂದರೆ ಹದಿನಾಲ್ಕು ಸೀಸನ್, ವೇಷ ಮಾಡಿದವನು.

ನಮ್ಮಲ್ಲಿ ಹುಡುಗ ಮೇಳಕ್ಕೆ ಸೇರಿದ ಕೂಡಲೇ ಅವನಿಗೆ ಅಭಿಮನ್ಯು ಕೊಡುವುದಿಲ್ಲ ಅಲ್ವಾ? ಕತೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ. ಆಮೇಲೆ ನಿತ್ಯವೇಷ. ಬಲ, ದೂತ, ಸಣ್ಣ ಪುಟ್ಟ ಸ್ತ್ರೀವೇಷ. ವರ್ಷಗಟ್ಟಲೆ ಅದೇ. ಹೆಜ್ಜೆ ಕಲಿಸುವ ಗುರುಗಳು ಬೇರೆ ಇರಬಹುದು. ಆದರೆ ವೇಷಧಾರಿ ಆಗೋದು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ. ದೊಡ್ಡವರು ಮುಖಕ್ಕೆ ಬಣ್ಣ ಹಚ್ಚುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಪರದೆಯ ಬದಿಯಲ್ಲಿ ನಿಂತು ಯಾರು ಯಾವ ಪದ್ಯಕ್ಕೆ ಎಷ್ಟು ಧೀಂಗಿಣ (ಸುತ್ತಿ ಹಾರುವ ಕುಣಿತ) ಹಾಕುತ್ತಾರೆ, ಯಾವಾಗ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಲೆಕ್ಕ ಇಡಬೇಕು. ಒಂದು ರಾತ್ರಿ ಪುಂಡುವೇಷದವರಿಗೆ (ಅಭಿಮನ್ಯುವಿನಂಥ ಯುವ ವೀರನ ವೇಷ) ಜ್ವರ ಬಂತು. ಹಾಡಿ ಆಟ ನಡೆಸುವ ಭಾಗವತರು ನನ್ನ ಕಡೆ ನೋಡಿದರು. ನಾನು ತಯಾರಿದ್ದೆ, ಯಾಕೆಂದರೆ ಆರು ತಿಂಗಳು ಬದಿಯಲ್ಲಿ ನಿಂತು ಅದೇ ವೇಷ ನೋಡಿದ್ದೆ.

ಹಾಗಾಗಿ ನಿಮ್ಮ ಮಗಳು ಹೋಗುವ ಶಾಲೆಗೆ ಚೌಕಿ ಉಂಟಾ ಅಂತ ಕೇಳಿ. ಮಕ್ಕಳು ಕಂಪನಿಯ ಕಲಾವಿದರ ಜೊತೆ ಇರುತ್ತಾರಾ, ಅಥವಾ ಹೆಸರು ಮಾತ್ರ ಒಂದೇ, ಮನೆ ಬೇರೆ ಬೇರೆಯಾ? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು.

ಹೆಜ್ಜೆ ಟೀಚರ್
ಮಂಗಳವಾರ, ಬೆಳಿಗ್ಗೆ 7:05

ದೀಪದವರು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಯ ಮಾಡಿಕೊಂಡು ಓದಿ.

ನಾನು ಮುಳ್ಳೇರಿಯಾದವಳು. ಬೆಂಗಳೂರಿನಲ್ಲಿ ಬ್ಯಾಲೆ ಕಲಿಸುತ್ತೇನೆ. ಹತ್ತೊಂಬತ್ತರಲ್ಲಿ ಹೊರದೇಶದ ಒಂದು ಕಂಪನಿಯ ಶಾಲೆಯಲ್ಲಿ ಎರಡು ವರ್ಷ ಇದ್ದೆ. ಅಪ್ಪ ಜಾಗ ಅಡವಿಟ್ಟು ಕಳಿಸಿದ್ದರು.

ಕಂಪನಿಯೂ ಶಾಲೆಯೂ ಒಟ್ಟಿಗೆ ಇರುವ ಪದ್ಧತಿ ಬಹಳ ಹಳೆಯದು. ಪ್ಯಾರಿಸ್ ಒಪೆರಾದ ಶಾಲೆ 1713ರದ್ದು. ಸೇಂಟ್ ಪೀಟರ್ಸ್‌ಬರ್ಗಿನದ್ದು 1738ರಲ್ಲಿ ಶುರುವಾಯಿತು. ಅದನ್ನೇ ಈಗ ವಾಗನೋವಾ ಅಕಾಡೆಮಿ ಅನ್ನುತ್ತಾರೆ. ಮರಿನ್‌ಸ್ಕಿ ರಂಗಮಂದಿರಕ್ಕೆ ಕಲಾವಿದರು ಬರೋದು ಹೆಚ್ಚಾಗಿ ಅಲ್ಲಿಂದಲೇ. ಇನ್ನು ರಷ್ಯಾದ ನೃತ್ಯ ಸಂಯೋಜಕ ಬಾಲಂಚಿನ್ ಅಮೆರಿಕಕ್ಕೆ ಬಂದಾಗ ಮೊದಲು ಕಟ್ಟಿದ್ದು ಶಾಲೆಯನ್ನು, 1934ರಲ್ಲಿ. ನ್ಯೂಯಾರ್ಕ್ ಸಿಟಿ ಬ್ಯಾಲೆ ಅನ್ನುವ ಕಂಪನಿ ಬಂದದ್ದು 1948ರಲ್ಲಿ. ತನಗೆ ಬೇಕಾದ ಹಾಗೆ ಕುಣಿಯುವವರು ಬೇಕು ಅಂದರೆ ಚಿಕ್ಕಂದಿನಿಂದ ತಾನೇ ಕಲಿಸಬೇಕು ಅನ್ನುವುದು ಅವರ ನಂಬಿಕೆ. (1934 ಅಂದರೆ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ವರ್ಷವೂ ಹೌದು. ಅವರಲ್ಲಿ ಮೇಳ ಮೊದಲು ಬಂತು, ಮಗ ಶಂಭು ಹೆಗಡೆಯವರು ಯಕ್ಷಗಾನ ಕಲಿಸುವ ಶ್ರೀಮಯ ಕಲಾಕೇಂದ್ರ ಶುರು ಮಾಡಿದ್ದು 1986ರಲ್ಲಿ. ಈ ಎರಡನ್ನು ಒಟ್ಟಿಗೆ ಇಟ್ಟು ನೋಡುವುದು ನನಗೆ ಇಷ್ಟ.)

ಲಂಡನ್ನಿನಲ್ಲಿ ರಾಯಲ್ ಬ್ಯಾಲೆ ಸ್ಕೂಲಿನ ದೊಡ್ಡ ಮಕ್ಕಳ ಶಾಲೆ ಒಪೆರಾ ಹೌಸಿನ ಎದುರಿನ ಬೀದಿಯಲ್ಲೇ ಇದೆ. ಎರಡು ಕಟ್ಟಡದ ನಡುವೆ ಬೀದಿಯ ಮೇಲಿಂದ ಒಂದು ಸೇತುವೆ ಕಟ್ಟಿದ್ದಾರೆ. ವಿದ್ಯಾರ್ಥಿ ಆ ಸೇತುವೆ ದಾಟಿದರೆ ಸೀದಾ ಕಂಪನಿಯ ಜಾಗಕ್ಕೆ ತಲುಪುತ್ತಾಳೆ. ನ್ಯೂಯಾರ್ಕಿನಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ನಟ್‌ಕ್ರ್ಯಾಕರ್ ಅನ್ನುವ ಬ್ಯಾಲೆ ಆಡುವಾಗ ಮಕ್ಕಳ ಪಾತ್ರಕ್ಕೆ ಶಾಲೆಯ ಮಕ್ಕಳೇ. ಅದು ಅವರ ಬಾಲಗೋಪಾಲ ವೇಷ ಅನ್ನಿ.

ನಾನು ಹೋದ ಕಡೆ ಆ ಸೇತುವೆ ಇರಲಿಲ್ಲ. ಶಾಲೆ ಊರಿನ ಒಂದು ತುದಿ, ಕಂಪನಿ ಇನ್ನೊಂದು ತುದಿ. ನಿರ್ದೇಶಕರು ಎರಡು ವರ್ಷದಲ್ಲಿ ಎರಡು ಸಲ ಬಂದು ಕ್ಲಾಸು ನೋಡಿ ಹೋದರು. ವೇದಿಕೆ ಅಂದರೆ ಹಿಂದಿನ ಸಾಲಿನಲ್ಲಿ ಹೂವು ಹಿಡಿದು ನಿಂತದ್ದು. ಅದೂ ಒಂದೇ ಸಲ. ನಮ್ಮ ಬ್ಯಾಚಿನಿಂದ ಕಂಪನಿಗೆ ಒಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ಮತ್ತೆ ಹೊಸ ಬ್ಯಾಚು, ಮತ್ತೆ ಫೀಸು. ನಮ್ಮ ಫೀಸಿನಿಂದ ಆ ಕಂಪನಿ ನಡೀತಾ ಇತ್ತು ಅಂತ ಅರ್ಥವಾಗುವಷ್ಟರಲ್ಲಿ ನನಗೆ ಇಪ್ಪತ್ತೊಂದು. ಟೀಚರುಗಳು ಒಳ್ಳೆಯವರು, ನಾನು ಕಲಿತದ್ದು ಸುಳ್ಳಲ್ಲ. ಆದರೆ ಅಪ್ಪನಿಗೆ ಫೋನ್ ಮಾಡಿ ‘ಕೆಲಸ ಸಿಗಲಿಲ್ಲ’ ಅಂದ ದಿನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಮಗಳಿಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಮೆಟ್ಟಿಲುಗಳು ಹೇಗಿರುತ್ತವೆ ಅಂದರೆ, ಅಮೆರಿಕದಲ್ಲಿ ಸಾಮಾನ್ಯವಾಗಿ ಶಾಲೆ, ಆಮೇಲೆ ಟ್ರೈನಿ, ಆಮೇಲೆ ಎರಡನೇ ಕಂಪನಿ ಅಥವಾ ಅಪ್ರೆಂಟಿಸ್, ಆಮೇಲೆ ಕೋರ್ ಅನ್ನುವ ಗುಂಪು. ಸೋಲೋ ಎಲ್ಲ ಅದರಾಚೆ. ಟ್ರೈನಿ ಅಂದರೆ ಬಹಳ ಕಡೆ ಸಂಬಳ ಇಲ್ಲ. ಕೆಲವು ಕಡೆ ನಾವೇ ಫೀಸು ಕಟ್ಟಬೇಕು, ಕಂಪನಿಯ ಪ್ರದರ್ಶನದಲ್ಲಿ ಕುಣಿದರೂ ಸಹ. ಕೋರ್ ಸೇರಿದವರಿಗೂ ಅನೇಕ ಕಂಪನಿಗಳಲ್ಲಿ ವರ್ಷಪೂರ್ತಿ ಸಂಬಳ ಇರುವುದಿಲ್ಲ, ಸೀಸನ್ನಿನ ವಾರಗಳಿಗೆ ಮಾತ್ರ. ಮೇಳದವರು ಪತ್ತನಾಜೆಗೆ (ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದರೆ ದೀಪಾವಳಿವರೆಗೆ ಬೇರೆ ದಾರಿ ನೋಡಬೇಕಲ್ಲ, ಹಾಗೆ.

ನೀವು ಶಾಲೆಗೆ ಬರೆದು ಕೇಳಬೇಕಾದ್ದು ಮುಖ್ಯವಾಗಿ ಒಂದೇ: ಕಳೆದ ಐದು ವರ್ಷದಲ್ಲಿ ಈ ಕೋರ್ಸ್ ಮುಗಿಸಿದವರಲ್ಲಿ ಎಷ್ಟು ಮಂದಿಗೆ ನಿಮ್ಮ ಕಂಪನಿಯಲ್ಲಿ ಸಂಬಳದ ಕಾಂಟ್ರಾಕ್ಟ್ ಸಿಕ್ಕಿದೆ, ಉಳಿದವರು ಎಲ್ಲಿದ್ದಾರೆ? ಒಳ್ಳೆಯ ಶಾಲೆ ನಾಚಿಕೆ ಇಲ್ಲದೆ ಹೇಳುತ್ತದೆ. ಜೊತೆಗೆ ಕಂಪನಿಯ ಬೆಳಗಿನ ಕ್ಲಾಸಿಗೆ ಮಕ್ಕಳನ್ನು ಬಿಡುತ್ತಾರಾ, ನಿರ್ದೇಶಕರು ಎಷ್ಟು ಸಲ ಬರುತ್ತಾರೆ ಅಂತಲೂ ಕೇಳಿ. ಎರಡನೇ ವರ್ಷವೂ ಅರ್ಧ ಫೀಸು ಬಿಡುತ್ತಾರಾ ಅಂತ ಬರಹದಲ್ಲಿ ತರಿಸಿಕೊಳ್ಳಿ. ಇದನ್ನು ನಾವು ಕೇಳಿರಲಿಲ್ಲ.

ನೀರ್ಚಾಲಿನ ಅಮ್ಮ
ಮಂಗಳವಾರ, ಮಧ್ಯಾಹ್ನ 2:30

ಟೀಚರ್, ನಿಮ್ಮ ಮಾತು ಓದಿ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬರೆದದ್ದಕ್ಕೆ ಥ್ಯಾಂಕ್ಸ್. ನೀವು ಹೇಳಿದ ಪ್ರಶ್ನೆಗಳನ್ನು ಮಗಳೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದಾಳೆ.

ಇನ್ನೊಂದು ವಿಷಯ. ಅವಳಿಗೆ ಎರಡು ತಿಂಗಳಿಂದ ಮೊಣಕಾಲ ಕೆಳಗೆ, ಎಲುಬಿನ ಉದ್ದಕ್ಕೂ ನೋವು. ಮಾಳಿಗೆಯಲ್ಲಿ ಟೈಲ್ಸ್. ಹಾರಿ ಹಾರಿ ಹೀಗಾಯಿತಾ? ಮಳೆಗಾಲದಲ್ಲಿ ಬೆರಳ ತುದಿಯಲ್ಲಿ ನಿಲ್ಲಲು ಹಾಕುವ ಪಾಯಿಂಟ್ ಶೂ ಬೇರೆ ಮೆತ್ತಗಾಗಿ ಬೇಗ ಹಾಳಾಗುತ್ತದೆ. ಒಂದು ಜೊತೆಗೆ ಎಷ್ಟು ಬೆಲೆ ಅಂತ ಅವಳ ಅಪ್ಪನಿಗೆ ನಾನು ಇನ್ನೂ ಸರಿಯಾಗಿ ಹೇಳಿಲ್ಲ.

ಹೊಸದುರ್ಗದ ಫಿಸಿಯೋ
ಮಂಗಳವಾರ, ಸಂಜೆ 6:10

ಅಮ್ಮ, ಟೈಲ್ಸ್ ಮೇಲೆ ಹಾರುವುದನ್ನು ಇವತ್ತೇ ನಿಲ್ಲಿಸಿ. ಟೈಲ್ಸಿನ ಅಡಿಯಲ್ಲಿ ಕಾಂಕ್ರೀಟು. ಅದು ಏಟನ್ನು ಹೀರುವುದಿಲ್ಲ, ಕಾಲಿಗೇ ವಾಪಸ್ ಕೊಡುತ್ತದೆ. ಬ್ಯಾಲೆ ಸ್ಟುಡಿಯೋಗಳಲ್ಲಿ ಮರದ ನೆಲ, ಅದರ ಅಡಿಯಲ್ಲಿ ಜಾಗ ಅಥವಾ ಫೋಮ್, ಮೇಲೆ ವಿನೈಲ್ ಹಾಕಿರುವುದು ಇದೇ ಕಾರಣಕ್ಕೆ.

ಭರತನಾಟ್ಯದಿಂದ ಬಂದವರಲ್ಲಿ ನಾನು ಕಂಡದ್ದು ಇನ್ನೊಂದು. ಅರೆಮಂಡಿಯಲ್ಲಿ (ಮೊಣಕಾಲು ಬಾಗಿಸಿ ಅರ್ಧ ಕೂತ ಭಂಗಿ) ಪಾದ ಪೂರ್ತಿ ನೆಲಕ್ಕೆ ತಟ್ಟಿ ಶಬ್ದ ಬರಬೇಕು. ಬ್ಯಾಲೆಯಲ್ಲಿ ಇಳಿಯುವಾಗ ಬೆರಳು, ಪಾದದ ಮುಂಭಾಗ, ಕೊನೆಗೆ ಹಿಮ್ಮಡಿ, ಶಬ್ದ ಬರಬಾರದು. ಹತ್ತು ವರ್ಷದ ಅಭ್ಯಾಸ ಕಾಲಿನಲ್ಲಿ ಕೂತಿರುತ್ತದೆ, ಬದಲಾಗಲು ಸಮಯ ಬೇಕು. ಕಾಲು ಹೊರಗೆ ತಿರುಗಿಸುವುದೂ ಸೊಂಟದ ಕೀಲಿನಿಂದ ಬರಬೇಕು. ಸೊಂಟ ತಿರುಗದೆ ಪಾದ ಮಾತ್ರ ತಿರುಗಿಸಿದರೆ ಮೊಣಕಾಲು ತಿರುಚುತ್ತದೆ.

ನೋವು ಒಂದೇ ಕಡೆ, ಬೆರಳಿಟ್ಟು ತೋರಿಸುವ ಹಾಗೆ ಇದ್ದರೆ, ರಾತ್ರಿಯೂ ಇದ್ದರೆ ಮೂಳೆ ಡಾಕ್ಟರಿಗೆ ತೋರಿಸಲೇಬೇಕು. ಕೂದಲೆಳೆಯಷ್ಟು ಬಿರುಕು ಎಕ್ಸ್‌ರೇಯಲ್ಲಿ ಮೊದಮೊದಲು ಕಾಣದೇ ಹೋಗಬಹುದು.

ಕೊನೆಗೆ ಒಂದು ಕೇಳಲೇಬೇಕು. ಹೊಟ್ಟೆ ತುಂಬಾ ಉಣ್ಣುತ್ತಾಳಾ? ಮುಟ್ಟು ಸರಿಯಾಗಿ ಆಗುತ್ತದಾ? ತೆಳ್ಳಗಿರಬೇಕು ಅಂತ ಊಟ ಬಿಟ್ಟು, ದಿನಕ್ಕೆ ಐದಾರು ಗಂಟೆ ಕುಣಿದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಎಲುಬು ಸಣಕಲಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟು ಎಚ್ಚರಿಸಿದೆ. ಎಲುಬು ಗಟ್ಟಿಯಾಗುವುದೇ ಈ ವಯಸ್ಸಿನಲ್ಲಿ. ಹೋಗುವ ಶಾಲೆಯಲ್ಲಿ ಫಿಸಿಯೋ ಇದ್ದಾರಾ, ಮಕ್ಕಳ ತೂಕದ ಬಗ್ಗೆ ಹೇಗೆ ಮಾತಾಡುತ್ತಾರೆ ಅಂತಲೂ ಕೇಳಿ.

ಸೀತಾಂಗೋಳಿ ಕವಲು
ಮಂಗಳವಾರ, ರಾತ್ರಿ 8:45

ಬೇಸರ ಮಾಡಬೇಡಿ, ನನ್ನ ಮನಸ್ಸಿನಲ್ಲಿ ಇರೋದನ್ನು ಹೇಳುತ್ತೇನೆ. ಸಾಲ ಮಾಡಿ ಸಮುದ್ರ ದಾಟಬೇಕಾ? ಕಂಪನಿಯ ಜೊತೆ ಬೆಳೆಯುವ ಶಾಲೆ ನಮ್ಮಲ್ಲೇ ಉಂಟು. ಹೆಸರಘಟ್ಟದ ನೃತ್ಯಗ್ರಾಮ ನೋಡಿ. ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ್ದು. ಅಲ್ಲೇ ಇದ್ದು, ಅಲ್ಲೇ ಉಂಡು ಒಡಿಸ್ಸಿ ಕಲಿಯುತ್ತಾರೆ, ಅಲ್ಲಿಯ ತಂಡ ಪ್ರಪಂಚ ಸುತ್ತಿದೆ. ಚೆನ್ನೈಯ ಕಲಾಕ್ಷೇತ್ರ ಉಂಟು. ಅದನ್ನು ಕಟ್ಟಿದ ರುಕ್ಮಿಣಿ ದೇವಿಯವರು ಮೊದಲು ಬ್ಯಾಲೆ ಕಲಿಯಲು ಹೊರಟವರು ಅಂತ ಎಷ್ಟು ಜನರಿಗೆ ಗೊತ್ತು? ನಿನ್ನ ದೇಶದ ನೃತ್ಯವನ್ನು ಹುಡುಕು ಅಂದದ್ದು ಸ್ವತಃ ರಷ್ಯಾದ ಬ್ಯಾಲೆ ತಾರೆ ಅನ್ನಾ ಪಾವ್ಲೋವಾ. ಆಮೇಲೆ 1936ರಲ್ಲಿ ಕಲಾಕ್ಷೇತ್ರ ಹುಟ್ಟಿತು. ನಮ್ಮ ಕೇರಳದಲ್ಲೇ ಕಥಕ್ಕಳಿ ಕಲಿಸುವ ಕಲಾಮಂಡಲಂ ಉಂಟು, 1930ರಿಂದ. ಹತ್ತು ವರ್ಷದ ಭರತನಾಟ್ಯ ಕೈಯಲ್ಲಿರುವ ಹುಡುಗಿ ಅದನ್ನು ಯಾಕೆ ಬಿಡಬೇಕು?

ನೀರ್ಚಾಲಿನ ಅಮ್ಮ
ಮಂಗಳವಾರ, ರಾತ್ರಿ 10:20

ನಾನು ಮಗಳು, ಅಮ್ಮನ ಅಕೌಂಟಿನಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ ಗೊತ್ತು.

ನಾನು ಭರತನಾಟ್ಯ ಬಿಟ್ಟಿಲ್ಲ ಅಂಕಲ್. ಅದರಲ್ಲಿ ನೆಲ ನನ್ನ ಜೊತೆ ಮಾತಾಡುತ್ತದೆ. ಬ್ಯಾಲೆಯಲ್ಲಿ ಒಂದು ಹಾರುವಿಕೆ ಉಂಟು, ಮೇಲೆ ಹೋದಾಗ ಅರ್ಧ ಕ್ಷಣ ಏನೂ ಕೇಳಿಸುವುದಿಲ್ಲ. ಆ ಅರ್ಧ ಕ್ಷಣಕ್ಕೋಸ್ಕರ ನಾನು ಬೆಳಿಗ್ಗೆ ಐದಕ್ಕೆ ಏಳುತ್ತೇನೆ.

ಊಟ ಮಾಡುತ್ತೇನೆ. ಆದರೆ ಕಳೆದ ವರ್ಷ ಕೆಲವು ತಿಂಗಳು ಕಡಿಮೆ ಮಾಡಿದ್ದೆ. ಅಮ್ಮನಿಗೆ ಹೇಳಿರಲಿಲ್ಲ. ಫಿಸಿಯೋ ಅಕ್ಕ ಬರೆದದ್ದು ಓದಿ ಇವತ್ತು ಹೇಳಿದೆ. ನಾಳೆ ಕಾಸರಗೋಡಿನಲ್ಲಿ ಡಾಕ್ಟರಿಗೆ ತೋರಿಸುತ್ತೇವೆ.

ನನಗೆ ಕೆಲಸ ಸಿಗದೇ ಇರಬಹುದು ಅಂತ ಗೊತ್ತು. ಆದರೆ ಅಪ್ಪನ ತೋಟ ಹೋಗಬಾರದು.

ಚೌಕಿಯ ದೀಪ
ಬುಧವಾರ, ಬೆಳಿಗ್ಗೆ 6:30

ಮಗಳೇ, ನಿನ್ನ ಅರ್ಧ ಕ್ಷಣ ನನಗೆ ಅರ್ಥವಾಯಿತು. ಧೀಂಗಿಣದ ನಡುವೆ ಚೆಂಡೆಯೂ ಕೇಳಿಸದ ಒಂದು ಗಳಿಗೆ ಬರುತ್ತದೆ. ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಸೀತಾಂಗೋಳಿಯವರೇ, ನೀವು ಹೇಳಿದ ಜಾಗಗಳೆಲ್ಲ ದೊಡ್ಡವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರಗಿನದ್ದನ್ನು ಕಲಿತು ಬಂದವರಿಂದಲೂ ನಮಗೆ ಸಿಕ್ಕಿದೆ. ಬೆಂಗಳೂರಿನ ಮಾಯಾ ರಾವ್ ಕೊರಿಯೋಗ್ರಫಿ ಕಲಿತದ್ದು ಮಾಸ್ಕೋದಲ್ಲಿ. ಕೆರೆಮನೆ ಶಂಭು ಹೆಗಡೆಯವರು ದೆಹಲಿಗೆ ಹೋಗಿ ಅವರಲ್ಲಿ ಕಲಿತರು. ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾತು ಕಡಿಮೆ ಮಾಡಿ, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ ಕಟ್ಟಿದ್ದನ್ನು ನಾವೆಲ್ಲ ‘ಯಕ್ಷಗಾನ ಬ್ಯಾಲೆ’ ಅಂತಲೇ ಕರೆದೆವು. ಈ ಶಬ್ದ ನಮ್ಮ ಕರಾವಳಿಗೆ ಹೊಸತಲ್ಲ.

ಒಂದು ಮಾತ್ರ ಮಗಳೇ. ಮೇಳದಲ್ಲಿ ಅರುವತ್ತು ದಾಟಿದವರೂ ರಂಗ ಬಿಡುವುದಿಲ್ಲ. ಬ್ಯಾಲೆಯಲ್ಲಿ ಹಾಗಲ್ಲ ಅಂತ ಕೇಳಿದ್ದೇನೆ.

ಹೆಜ್ಜೆ ಟೀಚರ್
ಬುಧವಾರ, ಬೆಳಿಗ್ಗೆ 8:00

ಹೌದು. ಪ್ಯಾರಿಸ್ ಒಪೆರಾದಲ್ಲಿ 42ಕ್ಕೆ ನಿವೃತ್ತಿ. ಬೇರೆ ಕಡೆ ಅದಕ್ಕಿಂತ ಮೊದಲೇ ಕಾಲು ಸೋಲುತ್ತದೆ. ಅದಕ್ಕೇ ಪೆರ್ಲದವರು ಓದಿನ ಬಗ್ಗೆ ಹೇಳಿದ್ದು ಸರಿ.

ಮಗಳೇ, ನಮ್ಮಲ್ಲಿಂದ ಹೋದವರೂ ಇದ್ದಾರೆ. ಮುಂಬೈಯ ಅಮೀರುದ್ದೀನ್ ಶಾ, ವೆಲ್ಡರ್ ಒಬ್ಬರ ಮಗ, ಬ್ಯಾಲೆ ಗುರು ಯೆಹೂದಾ ಮಾವೋರ್ ಅವರಲ್ಲಿ ಕಲಿತು ರಾಯಲ್ ಬ್ಯಾಲೆ ಸ್ಕೂಲ್ ಸೇರಿದ. ದೆಹಲಿಯ ಕಮಲ್ ಸಿಂಗ್ ಶುರು ಮಾಡಿದ್ದೇ ಹದಿನೇಳರಲ್ಲಿ. ಅಪ್ಪ ಇ-ರಿಕ್ಷಾ ಓಡಿಸುತ್ತಿದ್ದರು. 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸ್ಕೂಲಿಗೆ ಕರೆ ಬಂತು. ದುಡ್ಡು ಜನರಿಂದ ಕೂಡಿತು. ತೋಟ ಅಡವಿಡದೆಯೂ ದಾರಿ ಇರುತ್ತದೆ ಅಂತ ಹೇಳಲು ಇದನ್ನು ಬರೆದೆ. ಲೋಸಾನ್ ಬ್ಯಾಲೆ ಸ್ಪರ್ಧೆಯನ್ನೂ ನೋಡಿಟ್ಟುಕೋ. ಸ್ವಿಟ್ಜರ್ಲೆಂಡಿನಲ್ಲಿ 1973ರಿಂದ ನಡೆಯುತ್ತಿದೆ, 15ರಿಂದ 18ರವರಿಗೆ. ಅಲ್ಲಿ ಗೆದ್ದವರಿಗೆ ಕೊಡುವುದೇ ಇಂಥ ಶಾಲೆಗಳಲ್ಲಿ ಕಲಿಯುವ ವಿದ್ಯಾರ್ಥಿವೇತನ.

ಊಟದ ವಿಷಯ ಅಮ್ಮನಿಗೆ ಹೇಳಿದೆಯಲ್ಲ, ಅದಕ್ಕೆ ನಿನ್ನನ್ನು ಅಪ್ಪಿಕೊಳ್ಳಬೇಕು ಅನಿಸಿತು. ನನಗೆ ಆ ಧೈರ್ಯ ಇರಲಿಲ್ಲ.

ಉಪ್ಪಳದಿಂದ ಡಲ್ಲಾಸ್
ಬುಧವಾರ, ರಾತ್ರಿ 9:15

ವೀಸಾ ಬಗ್ಗೆ ಒಂದು ಮಾತು. ಶಾಲೆ ಕೊಡುವುದು ಎಫ್-1 ಪೇಪರಾ, ಎಂ-1 ಪೇಪರಾ ಕೇಳಿ. ಎರಡೂ ವಿದ್ಯಾರ್ಥಿ ವೀಸಾದ ಬಗೆಗಳು. ಬ್ಯಾಲೆಯಂಥ ತರಬೇತಿಗೆ ಎಂ-1 ಸಾಮಾನ್ಯ. ಅದರಲ್ಲಿ ಓದುವಾಗ ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ. ಕಾಫಿ ಅಂಗಡಿಯಲ್ಲಿ ದುಡಿದು ಬಾಡಿಗೆ ಕಟ್ಟುತ್ತೇನೆ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ.

ನೀರ್ಚಾಲಿನ ಅಮ್ಮ
ಮುಂದಿನ ಸೋಮವಾರ, ರಾತ್ರಿ 9:05

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು.

ಮೊದಲು ಕಾಲು. ಬಿರುಕು ಇಲ್ಲ, ದೇವರ ದಯೆ. ಆರು ವಾರ ಹಾರುವ ಹಾಗಿಲ್ಲ, ನೋವು ಪೂರ್ತಿ ಹೋದ ಮೇಲೆ ಮಾತ್ರ ಮತ್ತೆ ಅಂತ ಹೇಳಿದ್ದಾರೆ. ರಕ್ತದಲ್ಲಿ ಕಬ್ಬಿಣ ಕಡಿಮೆ ಉಂಟು, ಮಾತ್ರೆ ಕೊಟ್ಟಿದ್ದಾರೆ. ಈಗ ರಾತ್ರಿ ನನ್ನ ಎದುರೇ ಕೂತು ಉಣ್ಣುತ್ತಾಳೆ.

ಶಾಲೆಯಿಂದ ಉತ್ತರ ಬಂತು. ಮುಚ್ಚಿಡದೆ ಬರೆದಿದ್ದಾರೆ. ಕಳೆದ ವರ್ಷ ಈ ಕೋರ್ಸಿನಿಂದ ಕಂಪನಿಗೆ ಯಾರನ್ನೂ ತೆಗೆದುಕೊಂಡಿಲ್ಲ, ಅದರ ಹಿಂದಿನ ವರ್ಷ ಇಬ್ಬರು. ಉಳಿದವರು ಯಾವ ಊರಿನ ಯಾವ ಕಂಪನಿಯಲ್ಲಿ, ಯಾವ ಕಾಲೇಜಿನಲ್ಲಿ ಇದ್ದಾರೆ ಅಂತ ಪಟ್ಟಿ ಕಳಿಸಿದ್ದಾರೆ. ಕಂಪನಿಯ ಕ್ಲಾಸು ನಡೆಯುವುದು ಶಾಲೆಯ ಮೇಲಿನ ಮಹಡಿಯಲ್ಲೇ, ಎರಡನೇ ವರ್ಷದವರು ವಾರಕ್ಕೆ ಎರಡು ದಿನ ಹೋಗಬಹುದಂತೆ. ದೀಪದವರೇ, ಚೌಕಿ ಉಂಟು.

ಆದರೆ ಎರಡನೇ ವರ್ಷದ ಫೀಸಿನ ರಿಯಾಯಿತಿಗೆ ಖಾತ್ರಿ ಇಲ್ಲ ಅಂದರು.

ಅವಳ ಅಪ್ಪ ಎರಡು ದಿನ ಏನೂ ಮಾತಾಡಲಿಲ್ಲ. ನಿನ್ನೆ ತೋಟದಿಂದ ಬಂದು ಕೈ ತೊಳೆಯದೆ ಮಾಳಿಗೆಗೆ ಹೋದರು. ಕಿಟಕಿಯ ಸರಳು ಮುಟ್ಟಿ ನೋಡಿದರು. ಐದು ವರ್ಷ ಹಿಡಿದ ಜಾಗದಲ್ಲಿ ಬಣ್ಣ ಹೋಗಿ ಸರಳು ಹೊಳೆಯುತ್ತಿತ್ತು. ಕೆಳಗೆ ಬಂದು, ಈ ವರ್ಷ ಬೇಡ, ಪ್ಲಸ್ ಟು ಮುಗಿಯಲಿ, ಕಾಲು ವಾಸಿಯಾಗಲಿ, ಬರುವ ಬೇಸಿಗೆಯಲ್ಲಿ ಅವರದೇ ಐದು ವಾರದ ಸಮ್ಮರ್ ಕೋರ್ಸಿಗೆ ನಾನೇ ಕಳಿಸುತ್ತೇನೆ ಅಂದರು. ಶಾಲೆಯವರು ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ ಹಾಕಬಹುದು, ಸಮ್ಮರ್ ಕೋರ್ಸಿನಲ್ಲಿ ನೋಡಿಯೇ ನಿರ್ಧರಿಸುತ್ತೇವೆ ಅಂದಿದ್ದಾರೆ. ಮಗಳು ಅತ್ತಳು. ಆಮೇಲೆ ಅಪ್ಪನ ತಟ್ಟೆಗೆ ಅವಳೇ ಬಡಿಸಿದಳು.

ಈಗ ಮಾಳಿಗೆಯ ನೆಲದ ಕೆಲಸ ಆಗಬೇಕು. ಮರದ ನೆಲಕ್ಕೆ ಎಷ್ಟು ಖರ್ಚಾಗಬಹುದು?

ಕುಂಬಳೆ ಕಡಲು
ಸೋಮವಾರ, ರಾತ್ರಿ 9:50

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನನ್ನದು ಇಂಟೀರಿಯರ್ ಕೆಲಸ. ಒಂದು ಅಂಗಡಿಯ ಕೆಲಸ ಮುಗಿದು 18 ಎಂಎಂ ಪ್ಲೈವುಡ್ ಒಂಬತ್ತು ಶೀಟು ಉಳಿದಿದೆ. ಅಡಿಯಲ್ಲಿ ರೀಪರು ಅಡ್ಡಡ್ಡ ಎರಡು ಸುತ್ತು ಹಾಕಿ, ನಡುವೆ ಫೋಮ್ ತುಂಡು ಇಟ್ಟರೆ ನೆಲಕ್ಕೆ ಸ್ಪ್ರಿಂಗ್ ಬರುತ್ತದೆ. ಪ್ಲೈವುಡ್ಡಿಗೆ ದುಡ್ಡು ಬೇಡ. ಮಾಳಿಗೆಯ ಉದ್ದ, ಅಗಲ ಕಳಿಸಿ. ಭಾನುವಾರ ನಾನೂ ಒಬ್ಬ ಹುಡುಗನೂ ಬರುತ್ತೇವೆ.

ಹೆಜ್ಜೆ ಟೀಚರ್
ಸೋಮವಾರ, ರಾತ್ರಿ 10:02

ಕುಂಬಳೆಯವರೇ, ಗೋಡೆಗೆ ತಾಗಿಸಬೇಡಿ, ಸುತ್ತ ಎರಡು ಬೆರಳು ಜಾಗ ಬಿಡಿ. ಮಳೆಗಾಲಕ್ಕೆ ಪ್ಲೈವುಡ್ ಉಬ್ಬುತ್ತದೆ. ಅಮ್ಮ, ದೀಪಾವಳಿ ರಜೆಗೆ ಊರಿಗೆ ಬರುತ್ತೇನೆ, ಅವಳು ಇಳಿಯುವುದನ್ನು ಒಮ್ಮೆ ನೋಡುತ್ತೇನೆ. ಹಳೆಯ ಪಾಯಿಂಟ್ ಶೂಗಳನ್ನು ಬಿಸಾಡಬೇಡಿ. ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿದರೆ ಸರಳು ಹಿಡಿದು ಮಾಡುವ ಅಭ್ಯಾಸಕ್ಕೆ ಇನ್ನೂ ಸ್ವಲ್ಪ ದಿನ ಬರುತ್ತವೆ.

ನೀರ್ಚಾಲಿನ ಅಮ್ಮ
ಸೋಮವಾರ, ರಾತ್ರಿ 10:11

18 ಅಡಿ, 14 ಅಡಿ. ಅವಳೇ ಈಗ ಟೇಪು ಹಿಡಿದು ಅಳೆದು ಬಂದಳು. ಭಾನುವಾರ ಊಟ ನಮ್ಮಲ್ಲೇ.